ಮನೆ ಟೀಮಿನ ಮೇಡಂ

“ನನ್ನ ಮೇಲೆ ನಿಮಗೇನು ಸಿಟ್ಟು ಮೇಡಂ?”

ಫೋನಿನಲ್ಲಿ ಅಷ್ಟು ಮೆತ್ತಗೆ ಮಾತಾಡುವ ಸಿದ್ದೇಶ್ ಎದುರಿಗೆ ಬಂದು ಹೀಗೆ ಕೇಳಬಲ್ಲ ಎಂದು ಬಿಂದುಶ್ರೀ ಎಣಿಸಿರಲಿಲ್ಲ. ತಲೆ ಎತ್ತಿದಳು, ತಕ್ಷಣ ತಗ್ಗಿಸಿದಳು. ಬೆವರಿದ ಹಣೆ, ಮಡಚಿದ ತೋಳು, ನೇರವಾಗಿ ತನ್ನನ್ನೇ ನೋಡುತ್ತಿದ್ದ ಕಣ್ಣು. ಹಾಳಾದವನು ಕೋಪದಲ್ಲೂ ಚೆನ್ನಾಗಿಯೇ ಕಾಣುತ್ತಿದ್ದ.

ಅದು 2003ರ ಬೇಸಿಗೆ. ಜಯಲಕ್ಷ್ಮಿಪುರಂನ ಮಹಡಿ ಮೇಲಿನ ಆ ಆಫೀಸಿನಲ್ಲಿ, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ. ಆಫೀಸಿಗೆ ಬರಲಾಗದವರು ಮನೆಯಲ್ಲೇ ಕೂತು ಮಾಡಲಿ ಎಂಬುದು ಬಿಂದುಶ್ರೀಯ ಐಡಿಯಾ. ಮನೆಮನೆ ಅಲೆದು ಜನ ಹುಡುಕಿದವಳು ಅವಳೇ, ಅವರ ಮನೆಗೆಲ್ಲ ಇಂಟರ್ನೆಟ್ ಹಾಕಿಸಿದವಳೂ ಅವಳೇ. ಒಂಟಿಕೊಪ್ಪಲಿನ ಸರ್ವಮಂಗಳಾ ಮಗು ಮಲಗಿಸಿ ಟೈಪ್ ಮಾಡಲು ಕೂರುತ್ತಿದ್ದಳು. ಕುಂಬಾರಕೊಪ್ಪಲಿನ ಸಿದ್ದೇಶ್, ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿ ಮಂಚಮ್ಮನ ಮಂಚದ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡಿದ್ದ.

ಎಲ್ಲರ ಫೈಲುಗಳನ್ನೂ ತಿದ್ದಿ, ತಪ್ಪಿಗೆ ಮಾರ್ಕ್ಸ್ ಕಳೆದು, ಸಂಜೆ ಫೋನ್ ಮಾಡಿ ಹೇಳುವುದು ಬಿಂದುಶ್ರೀಯ ಕೆಲಸ. ಸಿದ್ದೇಶನ ಫೋನು ಮಾತ್ರ ಯಾಕೋ ಬೇಗ ಮುಗಿಯುತ್ತಿರಲಿಲ್ಲ. ಅವನು ಇಷ್ಟವಾಗಿಬಿಟ್ಟಿದ್ದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಈ ತಿಂಗಳಿಂದ ಹೊಸ ರೂಲ್ ಬಂದಿತ್ತು. ತೊಂಬತ್ತೆಂಟು ಪರ್ಸೆಂಟ್ ಬಾರದವರನ್ನು ಮನೆ ಟೀಮಿನಿಂದ ತೆಗೆಯಬೇಕು. ಕೆಳಗೆ ಬಿದ್ದವನು ಸಿದ್ದೇಶ್ ಒಬ್ಬನೇ, ಅದು ನಿನ್ನೆ ಅವನಿಗೂ ತಿಳಿದಿತ್ತು. ಮ್ಯಾನೇಜರ್ ಮಹೇಶ್ ಇವತ್ತು ಸಂಜೆಯೇ ಅವನ ಹೆಸರನ್ನು ಮೇಲಿನವರಿಗೆ ಕಳಿಸುವವರಿದ್ದರು.

“ಸಿಟ್ಟೇನಿಲ್ಲ. ತಪ್ಪು ಮಾಡಿದ್ರೆ ಮಾರ್ಕ್ಸ್ ಹೋಗುತ್ತೆ ಕಣ್ರೀ,” ಅಂದಳು. ದನಿ ಅವಳಿಗೇ ಕೃತಕವೆನಿಸಿತು.

“ಸರ್ವಮಂಗಳಕ್ಕಂಗೂ ನಂಗೂ ಒಬ್ಬರೇ ಡಾಕ್ಟ್ರ ಫೈಲು. ನಂಗೊಂದು ಫುಲ್‌ಸ್ಟಾಪ್ ಬಿಟ್ಟೋಗಿತ್ತು, ಅವ್ರಿಗೂ ಬಿಟ್ಟೋಗಿತ್ತು. ಅವ್ರಿಗೆ ಹೋಗ್ಲಿ ಅಂತ ಬುಟ್ಬುಟ್ರಿ, ನಂಗೆ ಕಳೆದ್ರಿ. ನಿನ್ನೆ ಅವ್ರಿಗೆ ಫೋನ್ ಮಾಡಿ ಕೇಳ್ದೆ. ತಿಂಗಳೆಲ್ಲಾ ಇದೇ ಕಥೆ.”

ಬಿಂದುಶ್ರೀ ಮೌಸ್ ಹಿಡಿದು ಪರದೆಯ ಮೇಲಿದ್ದ ಅವನ ಫೈಲನ್ನು ಮುಚ್ಚಿದಳು.

“ನಾನಿರೋದು ಇಷ್ಟ ಇಲ್ಲ ಅಂದಿದ್ರೆ ನಾನೇ ಬಿಡ್ತಿದ್ದೆ. ದಿನಾ ‘ಊಟ ಆಯ್ತಾ, ಅಮ್ಮ ಎಂಗಿದಾರೆ’ ಅಂತ ಯಾಕೆ ಕೇಳ್ಬೇಕಿತ್ತು?” ಅವನು ಬಾಗಿಲ ಕಡೆ ತಿರುಗಿದ. “ಪಕ್ಕದ್ಮನೆಯೋರನ್ನ ಅಮ್ಮನ ಹತ್ರ ಕೂರಿಸಿ ಬಂದಿದೀನಿ. ನಾ ಬರ್ತೀನಿ ಮೇಡಂ.”

ಮೆಟ್ಟಿಲಿಳಿಯುವ ಅವನ ಚಪ್ಪಲಿ ಸದ್ದು ಕೇಳುತ್ತಲೇ ಇತ್ತು. ಅವನು ಹೇಳಿದ್ದೆಲ್ಲ ನಿಜ. ಇಷ್ಟದವನೆಂದು ಎಲ್ಲಿ ಕೈ ಸಡಿಲ ಬಿಡುತ್ತೇನೋ, ಯಾರಾದರೂ ಏನಾದರೂ ಅಂದಾರೋ ಎಂಬ ಭಯಕ್ಕೆ ಅವನ ಫೈಲನ್ನು ಮಾತ್ರ ಭೂತಗನ್ನಡಿ ಹಿಡಿದವಳಂತೆ ನೋಡುತ್ತಿದ್ದಳು. ಹಾಗೆ ಮಾಡಿದ ದಿನ ತಾನು ಬಹಳ ನ್ಯಾಯವಂತಳು ಅನಿಸುತ್ತಿತ್ತು. ಈಗ ನೋಡಿದರೆ ಅವನ ಹೊಟ್ಟೆ ಮೇಲೇ ಹೊಡೆದಿದ್ದಳು.

ಎದ್ದವಳೇ ಮಹೇಶ್ ಕ್ಯಾಬಿನ್ನಿಗೆ ನುಗ್ಗಿದಳು.

“ಸಾರ್, ಸಿದ್ದೇಶ್ ಮಾರ್ಕ್ಸ್ ತಪ್ಪು. ನಾನೇ ಜಾಸ್ತಿ ಕಳೆದಿದೀನಿ. ಹೆಸರು ಕಳಿಸ್ಬೇಡಿ.”

ಮಹೇಶ್ ಕೇಳಿದ್ದು ಒಂದೇ ಮಾತು. “ಯಾಕಮ್ಮ?”

ಸುಳ್ಳು ಹೇಳಿದರೆ ನಂಬುವುದಿಲ್ಲ, ನಿಜ ಹೇಳಿದರೆ ಟೀಮು ಕೈತಪ್ಪುತ್ತದೆ. ತಮ್ಮವರ ಫೈಲನ್ನು ತಾವು ತಿದ್ದಬಾರದೆಂಬ ನಿಯಮ ಅವಳಿಗೆ ಬಾಯಿಪಾಠ.

“ಅವರು ನಂಗಿಷ್ಟ ಸಾರ್. ಪಾರ್ಶಿಯಾಲಿಟಿ ಆಗ್ಬಾರ್ದು ಅಂತ ಹೋಗಿ ಹಿಂಗಾಯ್ತು.”

ಮಹೇಶ್ ಹೆಡ್‌ಫೋನ್ ಹಾಕಿಕೊಂಡು ಸಿದ್ದೇಶನ ಒಂದು ಫೈಲ್ ತಾವೇ ಕೇಳಿದರು. ಮತ್ತೊಂದು ತೆಗೆದರು. ಆಮೇಲೆ ಇನ್ನೊಂದು. ಬಿಂದುಶ್ರೀ ನಿಂತೇ ಇದ್ದಳು, ಕೂರಿ ಎಂದು ಅವರು ಹೇಳಲೂ ಇಲ್ಲ.

ಕೊನೆಗೆ ಹೆಡ್‌ಫೋನ್ ತೆಗೆದಿಟ್ಟರು. “ಹುಡುಗ ಇರ್ತಾನೆ. ಆದ್ರೆ ನಾಳೆಯಿಂದ ಮನೆ ಟೀಮ್ ನಾನ್ ನೋಡ್ಕೋತೀನಿ. ನೀವು ವಾಪಸ್ ಟೈಪಿಂಗಿಗೆ ಕೂತ್ಕೊಳ್ಳಿ.”

ಕೈಯಾರೆ ಕಟ್ಟಿದ ಟೀಮು. ಆದರೂ “ಸರಿ ಸಾರ್” ಎಂದವಳೇ ಮೆಟ್ಟಿಲಿಳಿದು ಓಡಿದಳು.

ಸಿದ್ದೇಶ್ ಬೀದಿಯಲ್ಲಿ ಇನ್ನೂ ಸ್ಟಾರ್ಟ್ ಆಗದ ಲೂನಾ ಗಾಡಿಯ ಪೆಡಲ್ ತುಳಿಯುತ್ತಾ ಒದ್ದಾಡುತ್ತಿದ್ದ.

“ರೀ ನಿಲ್ರೀ! ನಿಮ್ಮ ಕೆಲಸ ಎಲ್ಲೂ ಹೋಗಿಲ್ಲ. ಟೀಮು ನನ್ನ ಕೈ ತಪ್ಪಿಹೋಯ್ತು.”

“ಯಾಕೆ? ನೀವೇನು ಮಾಡಿದ್ರಿ?”

“ನಿಮ್ಮನ್ನ ಇಷ್ಟಪಟ್ಟೆ. ಅದು ಯಾರಿಗೂ ಗೊತ್ತಾಗ್ಬಾರ್ದು ಅಂತ ನಿಮ್ಮ ಮಾರ್ಕ್ಸ್ ಕಳೀತಾ ಹೋದೆ.”

ಸಿದ್ದೇಶನ ಕಾಲು ಪೆಡಲಿನ ಮೇಲೇ ನಿಂತಿತು. ಕಣ್ಣು ಮೊದಲು ಅವಳ ಮುಖಕ್ಕೆ, ಆಮೇಲೆ ನೆಲಕ್ಕೆ, ಮತ್ತೆ ಅವಳ ಮುಖಕ್ಕೆ ಬಂತು. ತುಟಿಯಂಚಿನಲ್ಲಿ ಕಳ್ಳನಗು.

“ನಾನೂ ಒಂದು ಹೇಳ್ಬೇಕು. ಬೈಬಾರ್ದು.”

“ಹೇಳ್ರೀ.”

“ಆ ಫುಲ್‌ಸ್ಟಾಪು ನಾನ್ ಬೇಕಂತ್ಲೇ ಬಿಡ್ತಿದ್ದಿದ್ದು. ತಪ್ಪೇ ಇಲ್ದಿದ್ರೆ ನೀವು ಎರಡೇ ಮಾತಾಡಿ ಫೋನ್ ಇಟ್ಬುಡ್ತಿದ್ರಿ.”

ಬಿಂದುಶ್ರೀಗೆ ಮೈಯೆಲ್ಲ ಉರಿದುಹೋಯಿತು. “ಬುದ್ಧಿ ಇದೆಯೇನ್ರೀ ನಿಮಗೆ? ಕೆಲಸಾನೇ ಹೋಗ್ತಿತ್ತಲ್ಲ!”

“ಒಂದು ಫುಲ್‌ಸ್ಟಾಪಿಗೆ ಹಂಗೆಲ್ಲ ಆಯ್ತದೆ ಅಂತ ನನಗೇನು ಗೊತ್ತು? ಔಷಧಿ ಹೆಸರು ಒಂದೂ ತಪ್ಪಿಲ್ಲ, ಬೇಕಾದ್ರೆ ನೋಡಿ.”

ಬೈಯಲು ಬಾಯಿ ತೆರೆದವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಸೆರಗಿನಲ್ಲಿ ಒರೆಸಿಕೊಂಡಳು.

“ಇನ್ಮೇಲೆ ತಿದ್ದೋರು ಮಹೇಶ್ ಸಾರ್. ಒಂದು ಚುಕ್ಕೇನೂ ಬಿಡ್ಬೇಡಿ.”

“ಹಂಗಾದ್ರೆ ನಿಮ್ಮ ಫೋನ್ ಬರಲ್ವಾ?”

“ಫೋನ್ ಯಾಕೆ? ನಡೀರಿ, ಅಮ್ಮನ್ನ ನೋಡ್ಬೇಕು.”

ಅವನ ಕಿವಿ ಕೆಂಪಗಾಯಿತು. “ಅಮ್ಮಂಗೆ ಯಾರು ಅಂತ ಹೇಳ್ಲಿ?”

“ಅದನ್ನ ನೀವೇ ಯೋಚ್ನೆ ಮಾಡಿ. ತಪ್ಪಿದ್ರೆ ನಾನು ತಿದ್ತೀನಿ.”

ಲೂನಾ ಸ್ಟಾರ್ಟ್ ಆಗಲೇ ಇಲ್ಲ. ಅವನು ಹ್ಯಾಂಡಲ್ ಹಿಡಿದ, ಅವಳು ಹಿಂದಿನಿಂದ ಕೈ ಕೊಟ್ಟಳು. ಇಬ್ಬರೂ ತಳ್ಳಿಕೊಂಡೇ ಕುಂಬಾರಕೊಪ್ಪಲಿನ ಕಡೆ ನಡೆದರು.