ಎಡಗೈ ಕೇಳಿದ ದನಿ

"ಯಲ್ಲಾ, ಯಲ್ಲಾ! ಬೇಗ! ಕಾಫಿ ಎಲ್ಲಿ?"

ತನಗೆ ವೀಸಾ ಕೊಟ್ಟ ಸೌದಿ ಧಣಿ, ಕಫೀಲ್ ಹಮ್ಮಾದರ ಗಡಸು ದನಿಯನ್ನೇ ಗಂಟಲಿಗೆ ತಂದುಕೊಂಡು ಮಿಸ್ಬಾಹ್ ಅಡುಗೆಮನೆಗೆ ನುಗ್ಗಿದ. ಆಸ್ಪತ್ರೆಯಿಂದ ಮನೆಗೆ ಬಂದ ಹೆಂಡತಿಯನ್ನು ಮೊದಲ ದಿನವೇ ನಗಿಸಬೇಕೆಂಬ ಆಸೆ ಅವನಿಗೆ.

ಜುವೈರಿಯಾ ನಕ್ಕಳು. ನಗುತ್ತಲೇ ನೋಡಿದಳು... ಅವನ ಕುತ್ತಿಗೆಯನ್ನು ಒಂದು ಕೈ ಅಮುಕುತ್ತಿತ್ತು!

ಯಾರದು ಈ ಕೈ? ಬಳೆ ನನ್ನದೇ...

"ಬಿಡು! ಬಿಡು ಅಂದೆ!" ತನ್ನ ಎಡಗೈಗೆ ತಾನೇ ಗದರಿದಳು. ಅದು ಬಿಡಲಿಲ್ಲ. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮಿಸ್ಬಾಹ್ ಕೆಮ್ಮಿದ. ಮರುಕ್ಷಣವೇ ನಾಟಕದ ಮಹಾರಾಜನಾದ. "ಎಡೆಬಿಡದ ಪ್ರೀತಿ ಎಂದು ಕೇಳಿದ್ದೆವು ರಾಣಿ... ಇದು ಎಡ ಬಿಡದ ಪ್ರೀತಿ!"

ಫಿಟ್ಸ್ ಬಂದು ನಿಂತಲ್ಲೇ ಬೀಳುತ್ತಿದ್ದವಳಿಗೆ, ಮೆದುಳಿನ ಎರಡು ಅರ್ಧಗಳ ನಡುವಿನ ಸೇತುವೆಯನ್ನೇ ಕತ್ತರಿಸುವ ಆಪರೇಷನ್ ಆಗಿತ್ತು. ಬೀಳುವುದು ನಿಂತಿತು. "ಮಾತು ಎಡ ಅರ್ಧದ್ದು, ಎಡಗೈ ಬಲ ಅರ್ಧದ್ದು. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟದೆ ಕೆಲವು ದಿನ ಎಡವಟ್ಟಾಗಬಹುದು," ಎಂದಿದ್ದರು ಡಾಕ್ಟರು.

ಎಡವಟ್ಟು ಅಂದರೆ ಇಷ್ಟಾ?

ಜಿದ್ದಾದ ಆ ಪುಟ್ಟ ಫ್ಲ್ಯಾಟಿನಲ್ಲಿ ಈಗ ಮೂರನೆಯವರೊಬ್ಬರು ಇದ್ದ ಹಾಗಿತ್ತು. ಬಲಗೈ ಹಾಕಿದ ಗುಂಡಿಯನ್ನು ಎಡಗೈ ಬಿಚ್ಚುತ್ತಿತ್ತು. ಬಲಗೈ ಹಚ್ಚಿದ ಒಲೆಯನ್ನು ಎಡಗೈ ಆರಿಸುತ್ತಿತ್ತು. ಮಧ್ಯಾಹ್ನದ ನಿದ್ದೆಯಲ್ಲಿ ಯಾರೋ ಕೆನ್ನೆ ಸವರಿದಂತಾಗಿ ಕಣ್ಣು ಬಿಟ್ಟರೆ... ಅದೇ!

ಗಂಡನ ಮೇಲಂತೂ ಅದಕ್ಕೆ ತೀರದ ಹಗೆ. ಅವನು ತನ್ನ ತಾಯಿ ಮೈಮೂನತ್ ಉಮ್ಮನ ಹಾಗೆ ಮೂಗಿನಲ್ಲಿ ರಾಗ ಎಳೆದರೆ ಕೆನ್ನೆಗೆ ಬಾರಿಸುತ್ತಿತ್ತು. ಒಂದು ಸಂಜೆ ಟೀವಿಯವನ ಹಾಗೆ ಸುದ್ದಿ ಓದುತ್ತ ಬಂದ. ಎಡಗೈಯಲ್ಲಿ ಈರುಳ್ಳಿ ಹೆಚ್ಚುವ ಚೂರಿ ಮೇಲೆದ್ದಿತು!

ನನ್ನೊಳಗೆ ಇನ್ನೊಬ್ಬಳಿದ್ದಾಳೆ. ಅವಳಿಗೆ ಇವರು ಬೇಡ...

ಮರುದಿನ ಜುವೈರಿಯಾ ಹೇಳಿಯೇಬಿಟ್ಟಳು. "ನನ್ನನ್ನು ಮಂಗಳೂರಿಗೆ ಕಳಿಸಿಬಿಡಿ. ನಿಮಗೆ ಏನಾದರೂ ಆದರೆ ನಾನು ಬದುಕುವುದಿಲ್ಲ."

ಮಿಸ್ಬಾಹ್ ಬಿಳಿಚಿಕೊಂಡ. ಆದರೂ ಬಾಯಿಗೆ ಬಂದದ್ದು ಹಮ್ಮಾದರ ದನಿಯೇ. "ಟಿಕೆಟ್ ಮಾಫಿ, ಇಲ್ಲವೇ ಇಲ್ಲ! ವೀಸಾ ಮಾಫಿ—"

ಎಡಗೈ ಅವನ ಬಾಯಿ ಮುಚ್ಚಿತು. ಈ ಸಲ ಅವನು ನಗಲಿಲ್ಲ. ಬೆರಳುಗಳ ಹಿಂದೆಯೇ ಅವನ ದನಿ ಒಡೆಯಿತು.

"ಹೋಗ್ಬೇಡ ಜುವ್ವಿ... ನಂಗೆ ಹೆದರಿಕೆ ಆಗ್ತದೆ. ವಾಪಸ್ ಬಂದದ್ದು ನೀನೇ ಹೌದಾ ಅಂತ. ಅದಕ್ಕೇ ಬೇರೆಯವರ ದನಿಯಲ್ಲಿ ಮಾತಾಡೋದು. ನನ್ನದರಲ್ಲಿ ಮಾತಾಡಿದ್ರೆ ಅಳು ಬರ್ತದೆ ಮಾರಾಯ್ತಿ!"

ಬೆರಳುಗಳು ಸಡಿಲವಾದವು. ಅವನ ಕೆನ್ನೆಗೆ ಜಾರಿ ಕಣ್ಣೀರು ಒರೆಸಿದವು.

ಒರೆಸು ಎಂದು ಜುವೈರಿಯಾ ಹೇಳಿರಲಿಲ್ಲ!

"ಈ ಕೈಗೆ ಮಾತು ಬಾರದು... ದನಿ ಮಾತ್ರ ಗೊತ್ತು," ಎಂದಳು ನಿಧಾನವಾಗಿ. "ಮನೆಗೆ ಬಂದಂದಿನಿಂದ ಯಾರ್ಯಾರೋ ನಿಮ್ಮ ಮುಖ ಹಾಕಿಕೊಂಡು ಬರ್ತಾ ಇದ್ದರಲ್ಲ... ಅವರನ್ನು ಓಡಿಸುತ್ತಾ ಇತ್ತು!"

ಮಿಸ್ಬಾಹ್ ಆ ಕೈಯತ್ತ ಬಾಗಿ, ತನ್ನದೇ ದನಿಯಲ್ಲಿ ಕೇಳಿದ.

"ಹಾಗಾದ್ರೆ ಟಿಕೆಟ್?"

"ಬೇಡ."

"ಇದು ನಿನ್ನ ಮಾತು. ಅವಳದ್ದು?"

ಎಡಗೈ ಅವನ ಕಿವಿ ಹಿಡಿದು ತನ್ನತ್ತ ಎಳೆಯಿತು.

"ಅಯ್ಯೋ! ಇಬ್ಬರು ಹೆಂಡತಿಯರಾ ನಂಗೆ?"

"ಇಬ್ಬರಿಗೂ ಒಬ್ಬನೇ ಗಂಡ ಸಾಕು," ಎಂದಳು ಜುವೈರಿಯಾ ಅವನೆದೆಗೆ ಒರಗುತ್ತ. "ಹತ್ತು ಜನ ಬೇಡ."