ಅರ್ಧ ಸುತ್ತು ತಿರುಗಿದ ವಾಲ್ವ್

"ಕೈ ತೆಗೀರಿ."

ಮೋನಿಷಾ ಹೇಳಿದ್ದು ಅಷ್ಟೇ. ಆದರೆ ಮಲ್ಲೇಶ್ವರದ ಆ ಈಜುಕೊಳದ ದಂಡೆಯಲ್ಲಿದ್ದ ಎಂಟು ಜನರೂ ತಿರುಗಿ ನೋಡಿದರು.

ಅವಳ ಬೆನ್ನಿಗೆ ಕಟ್ಟಿದ್ದ ಗಾಳಿಯ ಸಿಲಿಂಡರಿನ ವಾಲ್ವ್ ಮೇಲೆ ಒಬ್ಬ ಗಂಡಸಿನ ಕೈ ಇತ್ತು. ಸ್ಕೂಬಾ ತರಗತಿಯ ಸಹಾಯಕ ತರಬೇತುದಾರ, ವಸಿಷ್ಠ.

"ಸುಮ್ನೆ ಚೆಕ್ ಮಾಡ್ತಿದ್ದೆ," ಎಂದ.

"ಬೇರೆಯವರ ಸಲಕರಣೆ ಕೇಳದೆ ಮುಟ್ಟಬಾರದು ಅಂತ ಈಗ ತಾನೇ ನೀವೇ ಪಾಠ ಮಾಡಿದ್ರಿ. ಆ ರೂಲು ನಿಮಗಿಲ್ವಾ?"

"ಅಭ್ಯಾಸ ಆಗ್ಬಿಟ್ಟಿದೆ. ಎಲ್ಲರದ್ದೂ ನೋಡ್ತೀನಿ."

"ಎಲ್ಲರೂ ಸುಮ್ನಿದ್ರೆ ಅದು ಅವರಿಷ್ಟ. ನಂದು ಕೇಳಿ ಮುಟ್ಟಿ."

"ಗುರು, ಶಾರ್ಕ್ ಈಜುಕೊಳಕ್ಕೇ ಬಂದ್ಬಿಟ್ಟಿದೆ," ಎಂದ ಸುಮನ್. ಅವನೂ ಕಲಿಯಲು ಬಂದವನೇ. ಆದರೆ ಕ್ಯಾಮೆರಾ ಕೋಲು ಬಿಟ್ಟು ನೀರಿಗಿಳಿದವನಲ್ಲ.

ವಸಿಷ್ಠ ನಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ.

"ಸರಿ. ಮುಟ್ಟಬಹುದಾ?"

"ಬೇಡ. ಪೂರ್ತಿ ತೆಗೆದಿದೀನಿ."

ಇಷ್ಟು ಒರಟಾಗಿ ಹೇಳಬೇಕಿತ್ತಾ... ಎಂದು ನೀರಿಗಿಳಿದ ಮೇಲೆ ಅವಳಿಗನ್ನಿಸಿತು. ಹೇಳಿದ್ದು ತಪ್ಪು ಎಂದು ಮಾತ್ರ ಅನ್ನಿಸಲಿಲ್ಲ.

ಚಾಮರಾಜಪೇಟೆಯ ಅವಳ ಅಪ್ಪ ದೇವಯ್ಯ ಮೂವತ್ತು ವರ್ಷ ಬೀದಿಬೀದಿಗೆ ನೀರು ಬಿಡುವ ವಾಲ್ವ್‌ಮನ್ ಆಗಿದ್ದವರು. ಅವರು ನೀರು ಬಿಟ್ಟ ಬೀದಿಗಳಲ್ಲೇ ಕೆಲವು ಮನೆಗಳಲ್ಲಿ ಅವರಿಗೆ ಕುಡಿಯಲು ಕೊಡುತ್ತಿದ್ದ ಲೋಟ ಬೇರೆ ಇರುತ್ತಿತ್ತು. ಯಾರು ಯಾವುದನ್ನು ಕೇಳಿ ಮುಟ್ಟುತ್ತಾರೆ, ಯಾವುದನ್ನು ಕೇಳದೆ ಮುಟ್ಟುತ್ತಾರೆ ಎಂಬುದು ಅವರ ಮಗಳಿಗೆ ಸಣ್ಣ ವಿಷಯವಾಗಿರಲಿಲ್ಲ.

ಸರ್ಕಾರಿ ಕಚೇರಿಯಲ್ಲಿ ವಾರವೆಲ್ಲ ಕಡತಗಳ ನಡುವೆ ಕೂರುವ ಅವಳಿಗೆ ಇದ್ದದ್ದು ಒಂದೇ ಆಸೆ. ಮುರುಡೇಶ್ವರದಾಚೆ, ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ಇಳಿಯಬೇಕು. ತರಗತಿಯಿಂದ ಆರೇ ಜನರಿಗೆ ಅವಕಾಶ.

ಅದಕ್ಕಾಗಿ ಎಲ್ಲವನ್ನೂ ಸಹಿಸಿದಳು. ಮುಖ್ಯ ತರಬೇತುದಾರ ಬದರೀನಾರಾಯಣ ಪ್ರತಿ ಪಾಠಕ್ಕೂ ಮುಂಚೆ ತಮ್ಮ ಇನ್ನೂರು ಡೈವ್‌ಗಳ ಕತೆ ಹೇಳುತ್ತಿದ್ದರು. ಮುಂದೆ ಈಜುವವರ ರೆಕ್ಕೆಚಪ್ಪಲಿ ಮುಖಕ್ಕೆ ಬಡಿಯುತ್ತಿತ್ತು.

ವಸಿಷ್ಠ ಮಾತ್ರ ಪ್ರತಿ ಭಾನುವಾರ ಕೇಳುತ್ತಿದ್ದ. "ಮುಟ್ಟಬಹುದಾ?"

ಮೂರನೇ ಭಾನುವಾರ ಅವಳು "ಹ್ಞೂಂ" ಅಂದಳು. ನಾಲ್ಕನೆಯ ಭಾನುವಾರ ಇಬ್ಬರೂ ಕಾಫಿಗೆ ಹೋದರು.

"ಕೇಳೋವಾಗ ನಿಮ್ಮ ಮುಖ ಪರೀಕ್ಷೆಗೆ ಕೂತವರ ಥರ ಇರುತ್ತೆ," ಎಂದಳು.

"ಪರೀಕ್ಷೆನೇ ಅಲ್ವಾ? ಸಪ್ಲಿಮೆಂಟರಿ ಬೇರೆ."

ಅವಳು ಕಾಫಿ ಚೆಲ್ಲುವಷ್ಟು ನಕ್ಕಳು. ಬಸವನಗುಡಿಯ ಹಳೇ ಮನೆತನದ ಹುಡುಗ... ಆದರೂ ಇವನು ಬೇರೆ ಥರ ಇರಬಹುದಾ?

ಕೊನೆಯ ಪರೀಕ್ಷೆಯ ದಿನ ಎಲ್ಲರಿಗೂ ಅವಸರ. ಬದರೀನಾರಾಯಣ ಗಡಿಯಾರ ನೋಡುತ್ತ ಕೂಗುತ್ತಿದ್ದರು. ಮೋನಿಷಾ ನೀರಿಗಿಳಿದಳು.

ಆಳದ ತುದಿಗೆ ಹೋಗುವಷ್ಟರಲ್ಲಿ ಉಸಿರು ಬಿಗಿಯಾಯಿತು. ಎಳೆದಷ್ಟೂ ಗಾಳಿ ಬರುತ್ತಿಲ್ಲ! ಗಾಳಿಯ ಒತ್ತಡ ತೋರಿಸುವ ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಮೇಲೇಳುತ್ತಿತ್ತು. ಕೈಯಳತೆಯಲ್ಲಿ ಇರಬೇಕಾಗಿದ್ದ ಜೊತೆಗಾರ ಸುಮನ್ ದೂರದಲ್ಲಿ ತನ್ನದೇ ವಿಡಿಯೋ ತೆಗೆದುಕೊಳ್ಳುತ್ತಿದ್ದ.

ಅವಳು ಒದ್ದಾಡಲಿಲ್ಲ. ಕಲಿಸಿದ ಹಾಗೇ ಉಸಿರನ್ನು ಸಣ್ಣಗೆ ಬಿಡುತ್ತ, ನಿಧಾನಕ್ಕೆ ಮೇಲೆ ಬಂದಳು.

ಬದರೀನಾರಾಯಣ ವಾಲ್ವ್ ತಿರುಗಿಸಿ ನೋಡಿದರು. "ನೋಡಮ್ಮ, ಹೆಚ್ಚುಕಡಿಮೆ ಮುಚ್ಚೇ ಇದೆ. ಅರ್ಧ ಸುತ್ತು ಮಾತ್ರ ತೆಗೆದಿದೀಯ. ಆಮೇಲೆ ಗಾಬರಿ ಬಿದ್ದಿದೀಯ."

"ಪೂರ್ತಿ ತೆಗೆದಿದ್ದೆ ಸಾರ್. ನಾನು ವಾಲ್ವ್‌ಮನ್ ಮಗಳು. ಅರ್ಧ ಯಾವುದು, ಪೂರ್ತಿ ಯಾವುದು ಅಂತ ನನ್ನ ಕೈಗೆ ಗೊತ್ತು."

"ಈ ಸಲ ನೇತ್ರಾಣಿ ಬೇಡ ಬಿಡು."

ಅವಳು ವಸಿಷ್ಠನನ್ನು ನೋಡಿದಳು. ಅವನ ಮುಖ ಬಿಳಿಚಿತ್ತು. ಪಕ್ಕದ ಸಿಲಿಂಡರ್ ಎತ್ತಿಕೊಂಡು ಆಚೆ ನಡೆದುಬಿಟ್ಟ.

ಮೂರು ದಿನ ಅವಳ ಮೆಸೇಜಿಗೂ ಅವನಿಂದ ಉತ್ತರವಿಲ್ಲ. ಅಂದ್ರೆ ಇವನೂ ಅಷ್ಟೇ...

ಅಳುತ್ತ ಕೂರಲಿಲ್ಲ ಅವಳು. ಸುಮನ್‌ಗೆ ಫೋನ್ ಮಾಡಿದಳು. "ಮಚ್ಚಾ, ನೀರಿಗಿಳಿಯೋ ಮುಂಚೆ ತೆಗೆದ ವಿಡಿಯೋನೂ ಕಳಿಸು."

ವಿಡಿಯೋದ ಮೂಲೆಯಲ್ಲಿ ಕಂಡಿತು. ಅವಳು ರೆಕ್ಕೆಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದಾಗ, ಹಿಂದಿನಿಂದ ಬಂದ ವಸಿಷ್ಠ ಅವಳ ವಾಲ್ವನ್ನು ಪೂರ್ತಿ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಮುಂದೆ ಹೋಗಿದ್ದ. ಪೂರ್ತಿ ತೆಗೆದು ಅರ್ಧ ಸುತ್ತು ಹಿಂದಕ್ಕೆ ಬಿಡುವುದು ಡೈವರ್‌ಗಳ ಹಳೇ ರೂಢಿ; ಅವನು ತೆಗೆಯುತ್ತಿದ್ದೇನೆ ಎಂದುಕೊಂಡು ಮುಚ್ಚಿದ್ದ.

ಬುಧವಾರ ಸಂಜೆ ಗಾಂಧಿ ಬಜಾರ್ ಹಿಂದಿನ ಮಹಡಿ ಕೋಣೆಯಲ್ಲಿ ನೇತ್ರಾಣಿಗೆ ಹೋಗುವವರ ಸಭೆ. ಕರೆಯದಿದ್ದರೂ ಹೋದಳು. ವಿಡಿಯೋ ಇದ್ದ ಫೋನು ಕೈಯಲ್ಲೇ ಇತ್ತು. ಎಲ್ಲರಿಗೂ ತೋರಿಸ್ತೀನಿ. ಅವನ ಮುಖ ನೋಡ್ತಾನೇ ತೋರಿಸ್ತೀನಿ.

ಅವಳು ಬಾಗಿಲು ದಾಟುವಾಗ ವಸಿಷ್ಠ ಆಗಲೇ ಎದ್ದು ನಿಂತಿದ್ದ. ಅವಳು ಬಂದದ್ದು ಅವನಿಗೆ ಕಾಣಲಿಲ್ಲ.

"ಅವರ ವಾಲ್ವ್ ಮುಚ್ಚಿದ್ದು ನಾನು. ಕೇಳಲಿಲ್ಲ. ಅವಸರದಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋಯ್ತು, ಉಲ್ಟಾ ತಿರುಗಿಸಿದೆ."

"ಕೂತ್ಕೊಳ್ಳಯ್ಯ," ಎಂದರು ಬದರೀನಾರಾಯಣ. "ನನಗೆ ಹೇಳಿದೀಯಲ್ಲ, ಸಾಕು. ಊರಿಗೆಲ್ಲ ಗೊತ್ತಾದ್ರೆ ನಿನ್ನ ಗೈಡ್ ಸರ್ಟಿಫಿಕೇಟ್ ಉಳಿಯುತ್ತಾ?"

"ಉಳಿಯಲ್ಲ. ಅದೇ ಭಯಕ್ಕೆ ಮೂರು ದಿನ ನಿಮ್ಮ ಮಾತು ಕೇಳ್ಕೊಂಡು ಸುಮ್ನಿದ್ದೆ. ಅದೂ ನನ್ನ ತಪ್ಪೇ. ಆವತ್ತು ಗಾಬರಿ ಬಿದ್ದಿದ್ದು ಅವರಲ್ಲ ಸಾರ್, ನಾನು."

ಮೋನಿಷಾ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ವಿಡಿಯೋ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಯಾರೂ ಒತ್ತಾಯಿಸಿರಲಿಲ್ಲ.

ಬದರೀನಾರಾಯಣ ಅವಳನ್ನು ಕಂಡು ಗಂಟಲು ಸರಿಮಾಡಿಕೊಂಡರು. "ಬಾಮ್ಮ. ಆಯ್ತು, ನಿನ್ನ ಹೆಸರು ಸೇರಿಸ್ತೀನಿ."

"ಸೇರಿಸಿದ್ರೆ ಸಾಲದು ಸಾರ್. ನನ್ನ ವರದಿಯಲ್ಲಿ ಗಾಬರಿ ಅಂತ ಬರೆದಿದೀರಲ್ಲ, ಅದನ್ನ ಹೊಡೆದು ಹಾಕಿ. ಇಲ್ಲೇ, ಇವರೆಲ್ಲರ ಎದುರಿಗೆ."

"ಇಷ್ಟಕ್ಕೆಲ್ಲ..."

"ನಿಮಗೆ ಇಷ್ಟು. ನನಗೆ ಉಸಿರು."

ಬದರೀನಾರಾಯಣ ಪೆನ್ನು ತೆಗೆದು ಆ ಸಾಲನ್ನು ಹೊಡೆದರು. ಪಕ್ಕದಲ್ಲಿ ಸಹಿ ಹಾಕಿಸಿಕೊಂಡೇ ಅವಳು ಕೆಳಗಿಳಿದಳು.

ವಸಿಷ್ಠ ಮೆಟ್ಟಿಲ ಬುಡದಲ್ಲಿ ನಿಂತಿದ್ದ.

"ಕ್ಷಮೆ ಕೇಳೋಕೂ ನಾಚಿಕೆ ಆಗ್ತಿದೆ," ಎಂದ. "ನಿಮ್ಮನ್ನ ಇಷ್ಟಪಡ್ತೀನಿ ಅಂತ ನೇತ್ರಾಣಿಯಲ್ಲಿ ಹೇಳ್ಬೇಕು ಅಂತಿದ್ದೆ. ಈಗ ಆ ಮಾತಿಗೆ ಏನು ಬೆಲೆ..."

"ನನಗೆ ಇನ್ನೂ ಕೋಪ ಇದೆ."

"ಇರ್ಲಿ. ಇರ್ಬೇಕು."

"ಮೂರು ದಿನ, ವಸಿಷ್ಠ. ನನ್ನ ಕೈಯನ್ನೇ ನಾನು ಅನುಮಾನಿಸೋ ಹಾಗೆ ಮಾಡಿದ್ರಿ."

ಅವನು ತಲೆ ತಗ್ಗಿಸಿದ. "ಹೌದು, ಮಾಡಿದೆ," ಎಂದ. ನೆಪ ಹೇಳದ ಆ ಉತ್ತರಕ್ಕೆ ಅವಳ ಕೋಪ ಸ್ವಲ್ಪ ಸಡಿಲವಾಯಿತು.

"ನೇತ್ರಾಣಿಗೆ ಬರ್ತೀರಾ?"

"ಗೈಡ್ ಆಗಿ ಬರೋ ಹಾಗಿಲ್ಲ ಇನ್ನು."

"ಗೈಡ್ ಯಾರಿಗೆ ಬೇಕು? ಸುಮನ್‌ನ ನಂಬ್ಕೊಂಡು ಸಮುದ್ರಕ್ಕಿಳಿಯಲ್ಲ ನಾನು. ನಂಗೊಬ್ಬ ಜೊತೆಗಾರ ಬೇಕು."

ಅವನು ನಂಬಲಾಗದೆ ಅವಳನ್ನೇ ನೋಡಿದ. "ನನ್ನ ಮೇಲೆ ನಂಬಿಕೆ ಇದೆಯಾ?"

"ಪೂರ್ತಿ ಇಲ್ಲ."

"ಎಷ್ಟಿದೆ?"

ಮೋನಿಷಾ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಿರಲಿಲ್ಲ.

"ಮುರುಡೇಶ್ವರದ ರೈಲಿಗೆ ಎರಡು ಟಿಕೆಟ್ ಬುಕ್ ಮಾಡೋವಷ್ಟು. ಕಿಟಕಿ ಸೀಟು ನಂದು. ಜಗಳ ಆಡೋದು ಇನ್ನೂ ಬಾಕಿ ಇದೆ, ದಾರೀಲಿ ನಿದ್ದೆ ಮಾಡೋ ಹಾಗಿಲ್ಲ."

"ಮಾಡಲ್ಲ," ಎಂದ ವಸಿಷ್ಠ. ಅವನ ಕಣ್ಣು ತುಂಬಿತ್ತು. "ಬೆಳಗಾಗೋವರೆಗೂ ಬೈದ್ರೂ ಕೇಳ್ತೀನಿ."

"ಬೆಳಗಾದ ಮೇಲೆ ಕಾಫಿ ಕೊಡಿಸು," ಎಂದಳು ಅವಳು, ಮೊದಲ ಸಲ ಬಹುವಚನ ಬಿಟ್ಟು.