ಕರಿ ಗೌನ್ ಕೊಡದಿದ್ರೆ ಏನಂತೆ!

"ಮೇಡಂ, ಇಡೀ ಟ್ರಾಮ್‌ಗೇ ಪಾಠ ಮಾಡಿಸ್ತಿದ್ದೀರಲ್ಲ!"

ಅಯ್ಯೋ ಶಿವನೇ... ಇಂಚರಾಳ ಇಯರ್‌ಫೋನ್ ವೈರು ಯಾವಾಗ್ಲೋ ಕಿತ್ಕೊಂಡು ಬಂದಿತ್ತು! ಇಂಗ್ಲೆಂಡಿನ ಮೇಷ್ಟ್ರು ಫೋನೊಳಗಿಂದ ಗಂಟಲು ಹರ್ಕೊಂಡು ಕಾನೂನು ಹೇಳ್ತಿದ್ರು. ಹೆಣ ಕೂಡ ಎದ್ದು ನೋಟ್ಸ್ ಬರ್ಕೋಬೇಕು, ಹಂಗೆ!

ಹಗಲೆಲ್ಲ ಆಮ್ಸ್ಟೆಲ್‌ವೀನ್ ಅನ್ನೋ ಡಚ್ ಊರಿನ ಆಫೀಸಲ್ಲಿ ಸಾಫ್ಟ್‌ವೇರ್ ತಪ್ಪು ಹುಡುಕೋ ಹುಡುಗಿ. ಮನಸ್ಸೆಲ್ಲ ವಕೀಲಿ ಮೇಲೆ.

ಎದುರಿಗಿದ್ದವನು ಚಿರಂತನ. ಕನ್ನಡದವನೇ, ಆದ್ರೆ ಪಕ್ಕದ ಆಲ್ಮೆರೆ ಊರಲ್ಲಿ ಬೆಳೆದವನು, ಇಲ್ಲೇ ಓದಿ ವಕೀಲ ಆದವನು. ನಕ್ಕರೆ ಕಾಲುವೆ ನೀರೆಲ್ಲ ಹಾಲಾಗ್ಬೇಕು, ಅಂಥಾ ನಗು!

"ಆನ್‌ಲೈನ್ ಲಾ ನಾ? ಅದ್ರಲ್ಲಿ ಇಲ್ಲಿ ಅಡ್ವೊಕಾಟ್ ಆಗಕ್ಕಾಗಲ್ಲ. ಡಚ್ ಡಿಗ್ರಿನೇ ಬೇಕು."

"ನಿಮ್ಮನ್ನ ಕೇಳಿದ್ನಾ?"

ಮನೆಗೆ ಬಂದು ವಿಚಾರಿಸಿದ್ರೆ... ಅವನು ಹೇಳಿದ್ದೇ ನಿಜ!

ಮಾರನೇ ದಿನ ಅದೇ ಟ್ರಾಮಲ್ಲಿ ಅವನು ಹಳದಿ ಬಾಟಲಿ ಚಾಚಿದ. "ಸಾರಿ ಮೇಡಂ. ಇದೂ ಅಡ್ವೊಕಾಟೇ, ಡಿಗ್ರಿ ಬೇಡ!"

ಮೊಟ್ಟೆ ಹಾಕಿ ಮಾಡಿದ ಹೆಂಡ ಅದು! ಇಲ್ಲಿ ವಕೀಲರಿಗೂ ಅದೇ ಹೆಸರು, ಆ ಹೆಂಡಕ್ಕೂ ಅದೇ ಹೆಸರು. ಆಲ್ಮೆರೆ ಹುಡುಗನಿಗೆ ತಮಾಷೆ. ಮೊಟ್ಟೆ ಸಿಪ್ಪೆ ಕಂಡ್ರೂ ತಲೆಗೆ ಸ್ನಾನ ಮಾಡೋ ಮನೆ ಹುಡುಗಿಗೆ?

"ನನ್ನ ಓದು ನಿಮಗೆ ಹೆಂಡದಂಗೆ ಕಾಣತ್ತಾ!" ಅಂದವಳೇ ಮುಂದಿನ ಸ್ಟಾಪಲ್ಲಿ ಇಳಿದೇ ಬಿಟ್ಟಳು. ಆಮೇಲೆ ಅವನಿದ್ದ ಟ್ರಾಮನ್ನೇ ಹತ್ತಲಿಲ್ಲ.

ಅಷ್ಟರಲ್ಲಿ ಪಕ್ಕದ್ಮನೆ ಮೈಥಿಲಿ ಆಂಟಿ ಅಳ್ತಾ ಬಂದ್ರು. ಮನೆ ಖಾಲಿ ಮಾಡು ಅಂತ ಓನರ್ ಕೋರ್ಟಿಗೇ ಹೋಗಿದ್ದ!

ಇಂಚರಾ ಡಚ್ ಕಾನೂನು ಅಗೆದೂ ಅಗೆದೂ ಒಂದು ಬಾಗಿಲು ಕಂಡಳು. ಬಾಡಿಗೆ ಕೇಸಿಗೆ ಅಡ್ವೊಕಾಟೇ ಬೇಕಂತಿಲ್ಲ! ಆಂಟಿ ಒಪ್ಪಿಗೆ ಬರ್ಕೊಟ್ರೆ ಅವಳೇ ಮಾತಾಡ್ಬೋದು. ಕಾನೂನು ಓದೋ ಕಣ್ಣು ಕೊಟ್ಟಿದ್ದು ಆ ಫೋನೊಳಗಿನ ಮೇಷ್ಟ್ರೇ.

ಕೋರ್ಟಲ್ಲಿ ಓನರ್ ಕಡೆ ವಕೀಲ ಮೂಗು ಮುರಿದ. "ನೀವು ಅಡ್ವೊಕಾಟ್ ಅಲ್ವಲ್ಲ?"

"ಅಲ್ಲ. ಅದಕ್ಕೇ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ!" ಸಂತೇಲಿ ಜಗಳ ಆಡಿ ಕಲಿತ ಡಚ್ಚು, ಬೆಂಕಿ ಉಗುಳ್ತು. "ವಾಟ್ಸಾಪಲ್ಲಿ ಹೋಗು ಅಂದ್ರೆ ಅದು ನೋಟಿಸಾ? ರಿಜಿಸ್ಟರ್ಡ್ ಪತ್ರ ಎಲ್ಲಿ? ಕಾರಣ ಎಲ್ಲಿ?"

ತೀರ್ಪು ಬಂತು. ಆಂಟಿ ಮನೆ ಬಿಡಬೇಕಿಲ್ಲ!

ಅವತ್ತೇ ಸಂಜೆ ಬಾಗಿಲಲ್ಲಿ ಚಿರಂತನ. ಕೈ ಖಾಲಿ, ಮುಖ ಬಾಡಿದ ಬದನೆಕಾಯಿ.

"ಆಂಟಿ ಅಡ್ರೆಸ್ ಕೊಟ್ರು. ಬೇರೆ ಕೇಸಿಗೆ ಕೋರ್ಟಿಗೆ ಬಂದಿದ್ದೆ, ಹಿಂದಿನ ಬೆಂಚಲ್ಲಿ ಕೂತು ನಿಮ್ಮ ವಾದ ಕೇಳ್ದೆ... ಆ ಬಾಟಲಿ ನನ್ನ ದಡ್ಡತನ ಇಂಚರಾ. ಅಡ್ವೊಕಾಟ್ ಅನ್ನೋ ಹೆಸರು ಸಿಗಲ್ಲ ಅಂದೆ ಅಷ್ಟೇ, ನಿಮ್ಮ ಕೈಲಾಗಲ್ಲ ಅಂದಿಲ್ಲ."

"ಆ ಹೆಸರೂ ಬಿಡಲ್ಲ! ಡಚ್ ಡಿಗ್ರಿನೂ ಮಾಡ್ತೀನಿ. ಹಲ್ಲೆಲ್ಲ ಉದುರಿದ್ಮೇಲೆ ಗೌನ್ ಹಾಕಿದ್ರೂ ಸರಿ!"

"ಮಾಡಿ. ಅಲ್ಲೀವರೆಗೂ ಅಡುಗೆ ನಂದು."

'ಇವನು ಏನ್ ಹೇಳ್ತಿದಾನೆ?'

"ಅಡುಗೆ ಬರತ್ತಾ ನಿಮಗೆ?"

"ಅನ್ನ ಸಾರು ಬರತ್ತೆ. ಪ್ರೀತಿ ಮಾಡೋದು... ಈಗ ಕಲೀತಿದೀನಿ."

"ಆನ್‌ಲೈನಲ್ಲಾ?"

"ಊಹೂಂ. ನಿನ್ನೆದುರಿಗೇ ಕೂತು."

"ಹಂಗಾದ್ರೆ ಒಳಗ್ ಬಾ," ಅಂದಳು ಇಂಚರಾ. "ಬಾಗಿಲಲ್ಲಿ ನಿಂತ್ರೆ ಹಾಜರಿ ಕೊಡಲ್ಲ ನಾನು."